ಮುರಿಯಬೇಕಾದ ಪಿನ್ನು

ಬೋಟಿನ ಎಂಜಿನ್ ಶುರು ಮಾಡಲು ಅದರ ಹಗ್ಗ ಎಳೆಯುವ ರೀತಿ ನೋಡಿಯೇ ಮನುಷ್ಯನ ಯೋಗ್ಯತೆ ಹೇಳಬಹುದು ಅನ್ನುವುದು ಮಾನ್ವೆಲ್ ಸಿದ್ದಿಯ ನಂಬಿಕೆ. ಆ ಲೆಕ್ಕದಲ್ಲಿ ಇಡೀ ದಾಂಡೇಲಿಯಲ್ಲಿ ಯೋಗ್ಯರು ಅನ್ನುವವರು ಒಬ್ಬರೂ ಇರಲಿಲ್ಲ. ಕಟ್ಟಿಗೆಯ ಗುತ್ತಿಗೆದಾರ ಬಾಬು ಸಾಹುಕಾರ ಎಮ್ಮೆಯ ಬಾಲ ಜಗ್ಗಿದಂತೆ ಜಗ್ಗುತ್ತಿದ್ದ. ಅವನ ಜೀಪಿನ ಡ್ರೈವರ್ ಸಾತಪ್ಪನಂತೂ ಮೊದಲು ಅಂಗೈಗೆ ಉಗುಳಿಕೊಂಡು, ತೊಡೆ ತಟ್ಟಿ, ಆಮೇಲೆ ಹಗ್ಗಕ್ಕೆ ಕೈ ಹಾಕುತ್ತಿದ್ದ.

‘ಥೂ! ಎಂಜಿನ್ ಅಂದ್ರ ಕುಸ್ತಿ ಅಂತ ತಿಳಕೊಂಡಾವ ಇವು,’ ಎಂದು ಮಾನ್ವೆಲ್ ದಡದಲ್ಲಿ ಕೂತು ಬೀಡಿ ಹಚ್ಚುತ್ತಿದ್ದ.

ಅವನ ತಿರಸ್ಕಾರಕ್ಕೆ ಆಧಾರವಿತ್ತು. ಜೋಯಿಡಾ ಕಡೆಯ ಕಾಡಿನ ಹಳ್ಳಿಯಲ್ಲಿ ಹುಟ್ಟಿದವನು ಹದಿನೆಂಟಕ್ಕೇ ಗೋವೆಗೆ ಹೋಗಿ, ಮೀನುಗಾರರ ದೋಣಿಗಳ ಹಿಂದೆ ಸಿಕ್ಕಿಸುವ ಮೋಟರುಗಳನ್ನು ಒಂಬತ್ತು ವರ್ಷ ಬಿಚ್ಚಿ ಕೂಡಿಸಿದ್ದ. ಎಂಬತ್ತೊಂದನೇ ಇಸವಿಯಲ್ಲಿ ಅವ್ವ ತೀರಿಕೊಂಡಳೆಂದು ಬಂದವನು ಅಗ್ನೆಸ್‌ಳನ್ನು ಮದುವೆಯಾಗಿ ಇಲ್ಲೇ ಉಳಿದ. ಉಳಿದದ್ದು ಅಂದರೆ ಆಕೆಯ ಅಣ್ಣನ ಮನೆಯ ಒಂದು ಮೂಲೆಯಲ್ಲಿ, ಹಳೇ ಸೀರೆಯ ಪರದೆಯ ಹಿಂದೆ. ಅತ್ತ ಅಣ್ಣ ಕೆಮ್ಮಿದರೆ ಇತ್ತ ಇವರು ಮಾತು ನಿಲ್ಲಿಸಬೇಕು.

ಮುಂದಿನ ವರ್ಷ ಸಾಹುಕಾರನಿಗೆ ಮೋಟರ್ ಬೋಟಿನ ಹುಚ್ಚು ಹಿಡಿಯಿತು. ಮುಂಬಯಿಯಿಂದ ನೀಲಿ ಬಣ್ಣದ್ದೊಂದು ತರಿಸಿದ. ಮೀನು ಹಿಡಿಯಲಿಕ್ಕಲ್ಲ, ಆಚೆ ದಡಕ್ಕೆ ಹೋಗಲಿಕ್ಕೂ ಅಲ್ಲ. ಬಂದ ಬೀಗರ ಮುಂದೆ ಭರ್ರೆಂದು ಹೋಗಿ ಭರ್ರೆಂದು ಬರಲಿಕ್ಕೆ! ಮೌಳಂಗಿಯ ಹತ್ತಿರ ಕಾಳಿ ನದಿಯ ದಂಡೆಗೆ ಅದಕ್ಕೊಂದು ಶೆಡ್ಡು, ಶೆಡ್ಡಿನ ಹಿಂದೆ ಹಂಚಿನ ಖೋಲಿ. ಖೋಲಿಗೆ ಬಾಗಿಲಿತ್ತು, ಬಾಗಿಲಿಗೆ ಚಿಲಕವಿತ್ತು. ಅಗ್ನೆಸ್ ಆ ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿದ್ದಳು.

ಬಂದ ವಾರವೇ ಬೋಟು ನಡುಹೊಳೆಯಲ್ಲಿ ನಿಂತಿತು. ಹುಟ್ಟು ಹಾಕಿ ದಡಕ್ಕೆ ತಂದ ಮೇಲೆ ಸಾತಪ್ಪ ಅರ್ಧ ಎಂಜಿನ್ ಬಿಚ್ಚಿ ಹಾಸಿದ. ಮಾನ್ವೆಲ್ ಒಂದು ತಾಸು ಅದನ್ನೆಲ್ಲ ನೋಡಿ ಸುಖಪಟ್ಟು, ಎದ್ದು ಹೋಗಿ, ಪೆಟ್ರೋಲ್ ಡಬ್ಬಿಯ ಮುಚ್ಚಳದ ಮೇಲಿನ ಸಣ್ಣ ತಿರುಪು ಸಡಿಲ ಮಾಡಿದ. ಒಳಗೆ ಗಾಳಿ ಸುಯ್ಯೆಂದು ಹೋಯಿತು.

“ಡಬ್ಬಿ ಉಸಿರಾಡಬೇಕ್ರಿ ಸಾವ್ಕಾರ್ರ. ಗಾಳಿ ಒಳಗ ಹೋಗದಿದ್ರ ಪೆಟ್ರೋಲ್ ಹೊರಗ ಹೆಂಗ ಬರತೈತಿ?”

ಬಿಚ್ಚಿದ್ದನ್ನೆಲ್ಲ ಕೂಡಿಸಿ ಒಂದೇ ಎಳೆತಕ್ಕೆ ಶುರು ಮಾಡಿದ. ಅಂದಿನಿಂದ ದಿನಗೂಲಿಯ ಮೇಲೆ ಬೋಟು ಅವನ ಪಾಲಿಗೆ ಬಂತು. “ದೀಪಾವಳಿ ಮುಗೀಲಿ, ಕಾಯಂ ಮಾಡ್ತೇನಿ. ಖೋಲಿ ಕೀಲಿ ನಿನ್ನ ಕೈಗೇ,” ಎಂದ ಸಾಹುಕಾರ. ಅಗ್ನೆಸ್ ದಿನ ಎಣಿಸತೊಡಗಿದಳು.

ಆದರೆ ಸಾಹುಕಾರನಿಗೆ ಎರಡು ಸಂಗತಿ ಕಣ್ಣಿಗೆ ಚುಚ್ಚುತ್ತಿದ್ದವು. ಒಂದು, ಬೋಟಿನಲ್ಲಿದ್ದ ಹುಟ್ಟುಗಳು. “ಮೋಟರ್ ಬೋಟಿನಾಗ ಹುಟ್ಟು ಇಟ್ರ ಮಂದಿ ನಗೂದಿಲ್ಲೇನಲೇ?” ಎಂದು ತೆಗೆಸಿಬಿಟ್ಟ. ಎರಡನೆಯದು, ಪಂಖದ ಪಿನ್ನು. ನೀರಿನೊಳಗೆ ತಿರುಗುವ ಪಂಖವನ್ನು ಹಿಡಿದಿಡುವುದು ಬೆರಳುದ್ದದ ಒಂದು ಹಿತ್ತಾಳೆ ಪಿನ್ನು. ಕಾಳಿಯ ತುಂಬ ಕಲ್ಲು. ತಿಂಗಳಲ್ಲಿ ಮೂರು ಪಿನ್ನು ಮುರಿದವು.

“ಎಂಥಾ ದರಿದ್ರ ಸಾಮಾನು ಹಾಕ್ತಿಯಲೇ!”

“ಅದು ಮುರೀಲಿ ಅಂತನ ಇಟ್ಟದ್ದರಿ. ಕಲ್ಲಿಗೆ ಬಡದ್ರ ಪಿನ್ನು ಮುರೀತೈತಿ, ಎಂಜಿನ್ ಉಳೀತೈತಿ. ಹೊಸಾದು ಹಾಕಿ ಮನಿಗೆ ಬರಬೌದು.”

ಸಾಹುಕಾರ ಸಾತಪ್ಪನ ಮುಖ ನೋಡಿದ. ಸಾತಪ್ಪ ನಕ್ಕ. ಮುರಿಯಲಿ ಅಂತ ಸಾಮಾನು ಮಾಡುವವರುಂಟೇ? ಇಬ್ಬರು ಶಾಣ್ಯಾರೂ ಸೇರಿ ನಕ್ಕರು.

ದೀಪಾವಳಿಯ ಪಾಡ್ಯದ ದಿನ ಬೆಳಗಾವಿಯಿಂದ ಬೀಗರು ಬಂದರು; ಸಾಹುಕಾರನ ಹೆಂಡತಿಯೂ ಕೂಸಿನೊಂದಿಗೆ ಬೋಟು ಹತ್ತುವವಳಿದ್ದಳು. ಮುಂಜಾನೆ ಎಂಜಿನ್ ಒರೆಸುವಾಗ ಮಾನ್ವೆಲ್ ನೋಡಿದ: ಪಿನ್ನಿನ ಜಾಗದಲ್ಲಿ ಸಾತಪ್ಪ ಹಾಕಿದ್ದ ಜೀಪಿನ ಉಕ್ಕಿನ ಬೋಲ್ಟು ಫಳಫಳ ಹೊಳೆಯುತ್ತಿತ್ತು. ತಿರುಗಿಸಿ ತೆಗೆಯಬೇಕೆಂದು ಪಾನಾ ಹಿಡಿದ. ಅಷ್ಟರಲ್ಲಿ ಸಾಹುಕಾರ ಬಂದು ಅವನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ: “ಇವತ್ತ ಸಾತಪ್ಪ ನಡಸಲಿ. ದೊಡ್ಡ ಮಂದಿ ಮುಂದ ನೀ ಬ್ಯಾಡ. ದಡದಾಗ ಕುಂದರು.”

ಮಾನ್ವೆಲ್ ಪಾನಾ ಕೆಳಗಿಟ್ಟ. ಬೋಲ್ಟಿನ ಮಾತು ಬಾಯಿಯ ತುದಿಗೆ ಬಂದದ್ದನ್ನು ಅಲ್ಲೇ ನುಂಗಿದ. ‘ಒಡೀಲಿ. ನಡುನೀರಾಗ ನಿಂತು ಮಂಗ್ಯಾನಂಗ ಮಾರಿ ಮಾಡ್ಲಿ. ಆವಾಗ ಕರೀತಾವ ನನ್ನ.’ ಆ ಚಿತ್ರ ನೆನೆದು ಅವನಿಗೆ ಒಳಗೊಳಗೇ ಖುಷಿಯೂ ಆಯಿತು. ಶೆಡ್ಡಿನ ಹಿಂದೆ ಹೋಗಿ, ನಾಳೆ ತನ್ನದಾಗುವ ಖೋಲಿಯ ಗೋಡೆಗೆ ಒರಗಿ ಬೀಡಿ ಸೇದಿದ.

ಎಂಜಿನ್ ಸದ್ದು ಕೇಳಿ ಈಚೆ ಬಂದರೆ ಬೋಟು ಆಗಲೇ ದಡ ಬಿಟ್ಟಿತ್ತು. ಸಾಹುಕಾರ, ಅವನ ಹೆಂಡತಿ ಸುಶೀಲವ್ವ, ಬೀಗರಿಬ್ಬರು, ಹಿಂದೆ ಸಾತಪ್ಪ. ನಡುವೆ ಸುಶೀಲವ್ವನ ಕೂಸನ್ನು ಎತ್ತಿಕೊಂಡು ಅಗ್ನೆಸ್! ಗಂಡನಿಗೆ ಬುತ್ತಿ ತಂದವಳನ್ನು ಸುಶೀಲವ್ವ ಕೂಸು ಹಿಡಿಯಲಿಕ್ಕೆ ಹತ್ತಿಸಿಕೊಂಡಿದ್ದಳು. ಹುಟ್ಟಿದಾಗಿನಿಂದ ಬೋಟು ಹತ್ತಿರಲಿಲ್ಲ ಆಕೆ. ಗಂಡನನ್ನು ಕಂಡು ಹಿಗ್ಗಿ ಕೈ ಬೀಸಿದಳು.

“ನಿಲ್ಲಸ್ರೋ! ಬೋಲ್ಟು! ಬೋಲ್ಟು ತಗೀರಿ!”

ಎಂಜಿನ್ನಿನ ಸದ್ದಿಗೆ ಏನೂ ಕೇಳಲಿಲ್ಲ. ಸಾಹುಕಾರ ಇವನು ಖುಷಿಗೆ ಕೂಗುತ್ತಿದ್ದಾನೆಂದು ತಿಳಿದು ತಾನೂ ಕೈ ಬೀಸಿದ.

ಪಂಖ ಕಲ್ಲಿಗೆ ಬಡಿದು ಟಣ್ ಎಂದಿತು. ಹಿಂದೆಯೇ ಹಲ್ಲು ಕಡಿದಂಥ ಸದ್ದು, ಎಂಜಿನ್ ಸತ್ತುಹೋಯಿತು. ಬೋಲ್ಟು ಗಟ್ಟಿಯಾಗಿತ್ತು, ಒಳಗಿನ ಹಲ್ಲುಗಾಲಿಗಳು ಪುಡಿಯಾದವು. ಬೋಟು ಅಡ್ಡಡ್ಡ ತಿರುಗಿ, ಹೊಳೆ ಬಂಡೆಗಳ ನಡುವೆ ಧುಮುಕುವ ಜಾಗದತ್ತ ಸಾಗಿತು. ಸಾತಪ್ಪ ಅಂಗೈಗೆ ಉಗುಳಿಕೊಂಡು ಹಗ್ಗ ಜಗ್ಗತೊಡಗಿದ. ಹುಟ್ಟುಗಳು ಶೆಡ್ಡಿನ ಗೋಡೆಗೆ ಒರಗಿದ್ದವು.

ಮಾನ್ವೆಲ್ ಹುಟ್ಟು, ಹಗ್ಗ ಬಾಚಿಕೊಂಡು ದಡದಲ್ಲಿದ್ದ ಹಳೆಯ ಮರದ ದೋಣಿಗೆ ಹಾರಿದ. ಗೋವೆಯ ಒಂಬತ್ತು ವರ್ಷದಲ್ಲೂ ಹಾಗೆ ಹುಟ್ಟು ಹಾಕಿರಲಿಲ್ಲ.

“ಎಲ್ಲಾರೂ ತಳದಾಗ ಕುಂದರ್ರಿ! ನಿಲ್ಲಬ್ಯಾಡ್ರಿ! ಸಾತಪ್ಪ, ಆ ಎಂಜಿನ್ ಬಿಡು, ಹಗ್ಗ ಹಿಡಿ! ಮುಂದಿನ ಕಬ್ಬಿಣದ ಉಂಗುರಕ್ಕ ಕಟ್ಟು!”

ಎಸೆದ ಹಗ್ಗವನ್ನು ಸಾತಪ್ಪ ಹಿಡಿದು ಕಟ್ಟಿದ. ಎದುರು ನೀರಿಗೆ ಜಗ್ಗಲಿಲ್ಲ ಮಾನ್ವೆಲ್. ಹರಿವಿನ ಜೊತೆಗೇ ಓರೆಯಾಗಿ ದಡಕ್ಕೆ ಎಳೆದ. ಬಂಡೆಗಳಿಗೆ ಹತ್ತು ಮಾರು ಇರುವಾಗ ಬೋಟಿನ ಮೂತಿ ಕೆಸರಿಗೆ ತಾಗಿತು.

ಅಗ್ನೆಸ್ ಕೂಸನ್ನು ಸುಶೀಲವ್ವನ ಮಡಿಲಿಗೆ ಹಾಕಿ ದಡಕ್ಕಿಳಿದು ಕೂತಳು. ಸಾಹುಕಾರ ಮೊದಲು ಸಾತಪ್ಪನ ಕಪಾಳಕ್ಕೆ ಹೊಡೆದ. ಆಮೇಲೆ ಬೀಗರಿಗೆ ಕೇಳುವಂತೆ, “ಮಾನ್ವೆಲ್, ನೀನ ಗಂಡಸು! ತಗೋ,” ಎಂದು ಕಿಸೆಯಿಂದ ಖೋಲಿಯ ಕೀಲಿ ತೆಗೆದ. “ನೀ ಒಬ್ಬಾವ ಎಂಜಿನ್ ನೋಡಿದ್ರ ಇದು ಆಗತಿದ್ದಿಲ್ಲ.”

ಸಾತಪ್ಪ ಕೆನ್ನೆ ಹಿಡಿದುಕೊಂಡು ನಿಂತಿದ್ದ. ‘ದಡ್ಡ ಸೂಳೇಮಗ,’ ಎಂದುಕೊಳ್ಳಲು ಹೊರಟ ಮಾನ್ವೆಲ್‌ಗೆ ಅದು ಆಗಲಿಲ್ಲ. ಬೋಲ್ಟಿನಿಂದ ಏನಾಗುತ್ತದೆಂದು ಸಾತಪ್ಪನಿಗೆ ಗೊತ್ತಿರಲಿಲ್ಲ. ತನಗೆ ಗೊತ್ತಿತ್ತು.

“ನಾ ಆ ಬೋಲ್ಟು ನೋಡಿದ್ದೆರಿ,” ಎಂದ. “ಮುಂಜಾನೆನ ನೋಡಿದ್ದೆ. ಬೇಕಂತನ ಹೇಳಲಿಲ್ಲ.”

ಸಾಹುಕಾರನ ಕೈ ಅಲ್ಲೇ ನಿಂತಿತು. ಕೀಲಿ ಮೆಲ್ಲಗೆ ಕಿಸೆಗೆ ಮರಳಿತು. ಅಗ್ನೆಸ್ ಗಂಡನ ಕಡೆ ತಿರುಗಿದಳು.

“ನಾನೂ ಕುಂತಿದ್ದೆ ಅದರಾಗ,” ಎಂದಳು.

“ನೀ ಹತ್ತತಿ ಅಂತ ನನಗ ಗೊತ್ತಿದ್ದಿಲ್ಲ.”

“ಆ ಕೂಸು ಹತ್ತತೈತಿ ಅಂತ ಗೊತ್ತಿತ್ತಲ್ಲ?”

ಆಕೆ ಎದ್ದು ಒದ್ದೆ ಸೆರಗು ಹಿಂಡಿದಳು. ಶೆಡ್ಡಿನ ಕಟ್ಟೆಯ ಮೇಲೆ ಇಟ್ಟಿದ್ದ ಬುತ್ತಿ ತೆಗೆದುಕೊಂಡಳು. ಖೋಲಿಯ ಬಾಗಿಲಿನ ಕಡೆ ತಿರುಗಿ ನೋಡದೆ ಅಣ್ಣನ ಮನೆಯ ದಾರಿ ಹಿಡಿದಳು. ಹತ್ತು ಹೆಜ್ಜೆ ಹೋಗಿ, ಬೆನ್ನು ಹಾಕಿಕೊಂಡೇ ನಿಂತಳು.

“ಬಾ, ಹೋಗೂಣು.”