ಮಾವನ ದನಿಯಲ್ಲಿ ಒಂದು ರಿವರ್ಸ್

ತಪ್ಪು ನನ್ನದೇ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಅರ್ಧ ಓದಿದ ಮೇಲೆ ನೀವೇ ಹೇಳುತ್ತೀರಿ. ಇಂದೋರಿಗೆ ಹೊರಡಬೇಕಿದ್ದ ಊದುಬತ್ತಿಯ ಪೆಟ್ಟಿಗೆಗಳು ಬನ್ನಿಮಂಟಪದ ಗೋದಾಮಿನ ಅಂಗಳದಲ್ಲಿ ನೀರು ಕುಡಿದು ಮಲಗಿದ್ದು ಮಳೆಯಿಂದಲ್ಲ, ನನ್ನ ಗಂಟಲಿನಿಂದ.

ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಗಂಟಲಿದೆ. ಅಪ್ಪ ಭಾನುವಾರ ಚರ್ಚಿನ ಗಾಯನ ತಂಡದಲ್ಲಿ ಕೆಳಸ್ಥಾಯಿ. ಅಮ್ಮ ಮೇಲುಸ್ಥಾಯಿ, ಅದೂ ಚರ್ಚಿನಲ್ಲಿ ಮಾತ್ರವಲ್ಲ. ನನಗೆ ಸ್ವಂತದ್ದೊಂದು ದನಿ ಸಿಗದೆ ಊರಿನವರದ್ದೆಲ್ಲ ಸಿಕ್ಕಿತು. ಪಾದ್ರಿಗಳ ಪ್ರಸಂಗ, ಗ್ಯಾಸ್ ಸಿಲಿಂಡರಿನವನ ಕೂಗು, ಸಿಟಿ ಬಸ್ಸಿನ ಬಾಗಿಲು ಉಸ್ಸೆಂದು ಮುಚ್ಚುವ ಸದ್ದು, ಎಲ್ಲವೂ ಬರುತ್ತಿತ್ತು. ಓದು ಮುಗಿಸಿ ಬೈಕ್ ಷೋರೂಮೊಂದಕ್ಕೆ ಸೇರಿದೆ. ಒಂದು ಶನಿವಾರ ಮ್ಯಾನೇಜರರ ದನಿಯಲ್ಲಿ ಫೋನ್ ಮಾಡಿ ಎಲ್ಲರಿಗೂ ಅರ್ಧ ದಿನ ರಜೆ ಕೊಟ್ಟೆ. ಸಂಜೆ ನನಗೆ ಪೂರ್ತಿ ರಜೆ ಸಿಕ್ಕಿತು.

ಆಮೇಲೆ ನಾನು ಹೆವಿ ಲೈಸೆನ್ಸ್ ಮಾಡಿಸಿಕೊಂಡೆ. ಲಾರಿ ಓಡಿಸುತ್ತೇನೆ ಎಂದಾಗ ಮನೆಯಲ್ಲಿ ಗುಡುಗು ಬರುತ್ತದೆ ಎಂದುಕೊಂಡಿದ್ದೆ. ಅಮ್ಮ ಬೀನ್ಸ್ ನಾರು ತೆಗೆಯುತ್ತಲೇ ಇದ್ದರು.

"ಹೋಗ್ಲಿ ಬುಡು. ಲಾರಿಲಿ ಅಣಕ್ಸೋಕೆ ಯಾರೂ ಇರಲ್ವಲ್ಲ, ಅದೇ ನಂಗೆ ಸಮಾಧಾನ."

"ಹಾರ್ನ್ ಇರತ್ತೆ ಕಣೇ," ಎಂದರು ಅಪ್ಪ.

ಬನ್ನಿಮಂಟಪದ ಆ ಲಾರಿ ಕಚೇರಿಯಲ್ಲಿ ಮೊದಲು ನನಗೆ ಕೊಟ್ಟಿದ್ದು ಹತ್ತಿರದ ಊರುಗಳು. ನಂಜನಗೂಡು, ಮಂಡ್ಯ, ತಪ್ಪಿದರೆ ಚಾಮರಾಜನಗರ. ಬೆಳಿಗ್ಗೆ ಹೊರಟು ಊಟದ ಹೊತ್ತಿಗೆ ವಾಪಸು ಬಂದರೆ ಅದನ್ನು ಲಾರಿ ಓಡಿಸಿದ್ದು ಎನ್ನುತ್ತಾರೆಯೇ? ಸ್ಕೂಟರಿನಲ್ಲೂ ಹೋಗಿ ಬರಬಹುದು. ನನ್ನ ಕಣ್ಣಿದ್ದದ್ದು ಇಂದೋರಿನ ಲಾರಿಯ ಮೇಲೆ. ಅದನ್ನು ಓಡಿಸುತ್ತಿದ್ದವರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಡ್ರೈವರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ಅಷ್ಟು ದೂರದ ದಾರಿಯಲ್ಲಿ ಸ್ಟಿಯರಿಂಗ್ ಹಂಚಿಕೊಳ್ಳಲು ಎರಡನೆಯ ಡ್ರೈವರು ಬೇಕು. ಉಸ್ತಾದರ ಜೊತೆಗಾರ ಕಾಲೇಜು ಬಸ್ಸಿಗೆ ಸೇರಿಕೊಂಡಿದ್ದರಿಂದ ಆ ಸೀಟು ಖಾಲಿಯಾಗಿತ್ತು. ನಾನು ಕನಸಿನಲ್ಲಿ ಆಗಲೇ ಅದರ ಮೇಲೆ ಟವೆಲ್ ಹಾಸಿಬಿಟ್ಟಿದ್ದೆ.

ಆದರೆ ಆ ಸೀಟು ಕೊಡುವವರು ಮಾಲೀಕರಲ್ಲ, ಉಸ್ತಾದರೂ ಅಲ್ಲ. ಮಾವ.

ಮಾವ ಯಾರಿಗೆ ಮಾವ ಎಂದು ಯಾರಿಗೂ ಗೊತ್ತಿಲ್ಲ. ಬಿಳಿ ಮೀಸೆ, ಹೆಗಲ ಮೇಲೊಂದು ಟವೆಲ್. ಅಂಗಳದಲ್ಲಿ ಲಾರಿಗಳನ್ನು ಹಿಂದಕ್ಕೆ ಕರೆಯುವುದೇ ಅವರ ಕೆಲಸ. ನಮ್ಮ ಗೇಟು ಎಷ್ಟು ಕಿರಿದೆಂದರೆ ಒಂದು ಕಡೆ ಕಲ್ಲಿನ ಕಂಬ, ಇನ್ನೊಂದು ಕಡೆ ಬೇವಿನ ಮರ, ನಡುವೆ ಲಾರಿ ಹೊಟ್ಟೆ ಒಳಗೆಳೆದುಕೊಂಡೇ ಬರಬೇಕು. ಇಂದೋರಿನ ಹೊಸ ಲಾರಿಯಲ್ಲಿ ಹಿಂದಿನದನ್ನು ತೋರಿಸುವ ಕ್ಯಾಮೆರಾ ಇತ್ತು. ಅದರ ಪರದೆಯ ಮೇಲೆ ಉಸ್ತಾದ್ ಮೊಮ್ಮಗಳ ಫೋಟೋ ಅಂಟಿಸಿದ್ದರು. ಯಾಕೆಂದರೆ ನಮ್ಮ ಅಂಗಳದ ಪದ್ಧತಿಯೇ ಬೇರೆ: ಹಿಂದಕ್ಕೆ ಬರುವಾಗ ಡ್ರೈವರು ನೋಡುವುದಿಲ್ಲ, ಕೇಳುತ್ತಾನೆ. "ಬರ್ಲಿ, ಬರ್ಲಿ, ಬರ್ಲಿ… ಎಡುಕ್ ಒಡಿ… ಇನ್ನೊಂದ್ ಗೇಣು… ಓಲ್ಡ್!" ಓಲ್ಡ್ ಎಂದರೆ ಹೋಲ್ಡ್, ನಿಲ್ಲಿಸು ಎಂದು. ಅದಾದ ಮೇಲೆ ಲಾರಿಯ ಬೆನ್ನಿಗೆ ಅಂಗೈಯಲ್ಲಿ ಎರಡು ಏಟು. ದೂರದ ಲಾರಿಗೆ ಹೋಗುವ ಹೊಸಬ ಮೊದಲು ಆ ಗೇಟಿನಲ್ಲಿ ಮಾವನ ಕೂಗಿಗೆ ಲಾರಿ ಒಳಗೆ ತರಬೇಕು. ತಂದವನನ್ನು ನೋಡಿ ಮಾವ ಹೂಂ ಎಂದರೆ ಸೀಟು, ಊಹೂಂ ಎಂದರೆ ಮಂಡ್ಯ.

ಇಂಥ ದನಿ ಸಿಕ್ಕಿದರೆ ನಾನು ಬಿಡುತ್ತೇನೆಯೇ? ಚಹಾದ ಅಂಗಡಿಯಲ್ಲಿ ದಿನಾ ಪ್ರದರ್ಶನ. ಟವೆಲ್ ಹೆಗಲಿಗೆ ಹಾಕಿ, ಕಣ್ಣು ಅರೆ ಮುಚ್ಚಿ, "ಎಡುಕ್ ಒಡಿ" ಎಂದರೆ ಡ್ರೈವರುಗಳು ಬನ್ನು ಗಂಟಲಿಗೆ ಸಿಕ್ಕಿಸಿಕೊಂಡು ನಗುತ್ತಿದ್ದರು. ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಉಸ್ತಾದ್ ಇಂದೋರಿನ ಲಾರಿಯನ್ನು ಲೋಡಿಗೆ ಹಿಂದಕ್ಕೆ ತರುತ್ತಿದ್ದರು. ಗೇಟು ದಾಟಿಸಿ, "ಅಲ್ಲೇ ಇರಿ" ಎಂದು ಮಾವ ಬಾಯಿ ತೊಳೆಯಲು ನಲ್ಲಿಯ ಹತ್ತಿರ ಹೋದರು. ನಾನು ಚೀಲಗಳ ರಾಶಿಯ ಹಿಂದೆ ಇದ್ದೆ. ಅಂಗಳ ಖಾಲಿ ಇದೆ, ಯಾರೂ ಇಲ್ಲ ಎಂದು ನೋಡಿಕೊಂಡೇ ಶುರು ಮಾಡಿದೆ, ಅಷ್ಟು ಬುದ್ಧಿ ಇತ್ತು. "ಬರ್ಲಿ, ಬರ್ಲಿ…" ಲಾರಿ ಬಂತು. ಅಬ್ಬಾ, ಅಷ್ಟು ದೊಡ್ಡ ಲಾರಿ ನನ್ನ ಗಂಟಲಿಗೆ ನಾಯಿಮರಿಯ ಹಾಗೆ ಬಂತು! "ಇನ್ನೊಂದ್ ಗೇಣು…" ಎಂದೆ. ಮುಂದೆ ಓಲ್ಡ್ ಎನ್ನಬೇಕಾದ ಜಾಗದಲ್ಲಿ ನನಗೆ ನಗು ಬಂದುಬಿಟ್ಟಿತು.

ನಗುತ್ತಾ ಓಲ್ಡ್ ಎನ್ನಲಾಗುವುದಿಲ್ಲ. ನೀವೂ ಪ್ರಯತ್ನಿಸಿ ನೋಡಿ. ಲಾರಿ ಹಿಂದಕ್ಕೆ ಬಂದು ನೀರಿನ ಡ್ರಮ್ಮಿಗೆ ಗುದ್ದಿತು. ಡ್ರಮ್ಮು ಕಟ್ಟೆಯಿಂದ ಉರುಳಿ ಊದುಬತ್ತಿಯ ಪೆಟ್ಟಿಗೆಗಳ ಮೇಲೆ ಬಾಯಿ ತೆರೆಯಿತು.

ಒದ್ದೆಯಾದ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಬಿಸಿಲಿಗೆ ಹರವಿದವನು ನಾನೇ. ಅಂಗಳ ಗರ್ಭಗುಡಿಯ ಹಾಗೆ ಘಮಘಮಿಸಿತು. ದಾರಿಯಲ್ಲಿ ಹೋಗುವವರು ಗೇಟಿನ ಹತ್ತಿರ ಬಂದು ಚಪ್ಪಲಿ ಬಿಡುವುದೊಂದು ಬಾಕಿ. ಸಂಜೆ ಅಮ್ಮ ನನ್ನ ಅಂಗಿ ಮೂಸಿದರು.

"ಯಾವ ದೇವಸ್ಥಾನಕ್ಕೆ ಹೋಗಿದ್ಯೋ?"

"ಕೆಲ್ಸಕ್ಕಮ್ಮ."

ಉಸ್ತಾದ್ ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. "ಪೆಟ್ಟಿಗೆ ಒಣಗ್ತದೆ ಕಣೋ," ಎಂದರು. "ಆದ್ರೆ ಇಷ್ಟ್ ವರ್ಷ ಆ ದನಿ ಕೇಳಿದ್ರೆ ಕಣ್ಮುಚ್ಕೊಂಡು ಬರ್ತಿದ್ದೆ. ಇನ್ಮೇಲೆ ಕೂಗ್ತಿರೋದು ಯಾರು ಅಂತ ಇಳ್ದು ನೋಡ್ಬೇಕು." ನನಗೆ ಆಗ ನಗು ಬರಲಿಲ್ಲ.

ಮಾವ ಮಾತ್ರ ಏನೂ ಅನ್ನಲಿಲ್ಲ. ಅಕ್ಷರಶಃ ಏನೂ ಅನ್ನಲಿಲ್ಲ. ಮರುದಿನದಿಂದ ಕೂಗುವುದನ್ನೇ ನಿಲ್ಲಿಸಿದರು. ಲಾರಿ ಬಂದರೆ ಬಾಯಿತುಂಬ ಎಲೆಯಡಿಕೆ ಹಾಕಿಕೊಂಡು, ಬಾಯಿ ಖಾಲಿ ಇಲ್ಲ ಎಂದು ಸನ್ನೆ ಮಾಡಿ, ಬರೀ ಕೈ ಆಡಿಸುತ್ತಿದ್ದರು. ಡ್ರೈವರುಗಳು ಕಿಟಕಿಯಿಂದ ಹೊರಗೆ ಬಗ್ಗಿ ಬಗ್ಗಿ ನೋಡಬೇಕಾಯಿತು. "ನಿನ್ನಿಂದ ಕತ್ತು ಇಡ್ಕೊಂಡೈತೆ ಕಣೋ," ಎಂದು ಒಬ್ಬೊಬ್ಬರೂ ನನ್ನ ಮುಂದೆ ಕತ್ತು ತಿರುಗಿಸಿ ತೋರಿಸಿದರು. ನಾನೇ ಕೂಗಿ ಸಹಾಯ ಮಾಡೋಣವೆಂದು ಹೋದರೆ ಒಂದು ಲಾರಿಯೂ ಅಲುಗಲಿಲ್ಲ.

ಕ್ಷಮೆ ಕೇಳದೆ ಗತಿಯಿರಲಿಲ್ಲ. ಚಹಾ ಹಿಡಿದುಕೊಂಡು ಮಾವನ ಮುಂದೆ ನಿಂತೆ. ಹೆದರಿಕೆಯಾದಾಗ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. "ಮಾವ, ನನ್ನ ಅಪರಾಧವನ್ನು ಮನ್ನಿಸಿ," ಎಂದದ್ದು ಪೂರ್ತಿ ನಮ್ಮ ಪಾದ್ರಿಗಳ ದನಿಯಲ್ಲಿ ಹೊರಬಂತು.

ಮಾವ ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡರು. "ಪಾದ್ರಿನ ಕಳ್ಸವ್ನೆ. ಅವ್ನೆಲ್ಲವ್ನೆ?" ಎಂದು ನನ್ನ ಬೆನ್ನ ಹಿಂದೆ ಹುಡುಕಿದರು. ಚಹಾ ಮಾತ್ರ ಕುಡಿದರು.

ಒಣಗಿದ್ದು, ಹೊಸದು ಎಲ್ಲ ಸೇರಿ ಇಂದೋರಿನ ಲೋಡು ಸಿದ್ಧವಾಯಿತು. ಉಸ್ತಾದ್ ಬೀಗದ ಕೈ ನನ್ನ ಕಡೆ ಎಸೆದರು. "ಒಳ್ಗಡೆ ತಗೊಂಡ್ ಬಾ. ಮಾವ ಕೂಗಿದ್ರೆ ಬರ್ತೀಯ, ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಕೋತೀನಿ."

ಡ್ರೈವರುಗಳು ಚಹಾದ ಲೋಟ ಹಿಡಿದು ಬೇವಿನ ಮರದ ಕೆಳಗೆ ಸಾಲಾಗಿ ಕುಳಿತರು. ನಾನು ಲಾರಿ ಹತ್ತಿದೆ. ಕನ್ನಡಿಯಲ್ಲಿ ಮಾವನ ಒಂದು ಭುಜ, ಟವೆಲಿನ ತುದಿ ಕಾಣುತ್ತಿತ್ತು. ರಿವರ್ಸ್ ಗೇರು ಹಾಕಿದೆ. ಲಾರಿ ಕುಂಯ್ ಕುಂಯ್ ಎಂದಿತು. ಮಾವ ಸುಮ್ಮನಿದ್ದರು. ಪರದೆಯ ಮೇಲಿನ ಮೊಮ್ಮಗಳು ನನ್ನನ್ನು ನೋಡಿ ನಗುತ್ತಿದ್ದಳು. ಮಂಡ್ಯವೇ ಗತಿ ಎಂದುಕೊಂಡೆ.

ಅಷ್ಟರಲ್ಲಿ ಹಿಂದಿನಿಂದ ಒಂದು ಕೀರಲು ದನಿ ಬಂತು. ಮೂಗಿನಲ್ಲಿ ಹುಟ್ಟಿ, ಅವಸರದಲ್ಲಿ ಒಂದರ ಮೇಲೊಂದು ಬೀಳುವ ಮಾತುಗಳು. "ಬರ್ಲಿ ಸಾರ್ ಬರ್ಲಿ, ರೈಟು, ಅಲ್ಲಲ್ಲ ಲೆಫ್ಟು, ಅಂದ್ರೆ ನಿಮ್ ಲೆಫ್ಟು ಸಾರ್, ಅಯ್ಯೋ ತಮಾಷೆ ಮಾಡ್ದೆ ಸಾರ್, ರೈಟೇ!"

ನನಗೆ ಮೈ ಉರಿಯಿತು. ನನ್ನ ಸೀಟಿನ ಪ್ರಶ್ನೆ, ಇಲ್ಲಿ ಯಾರದೋ ಹುಡುಗಾಟ! ಬ್ರೇಕ್ ಒತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿರುಚಿದೆ: "ಯಾವೋನೋ ಅದು ಕುರಿ ಥರ ಅರಚ್ತಿರೋದು? ಸುಮ್ನಿರ್ರೋ, ಮಾವ ಕೂಗ್ಬೇಕು!"

ಬೇವಿನ ಮರದ ಕೆಳಗೆ ಎಲ್ಲರೂ ಒಟ್ಟಿಗೆ ಸ್ಫೋಟಿಸಿದರು. ಉಸ್ತಾದ್ ನೆಲದ ಮೇಲೆ ಕುಳಿತೇಬಿಟ್ಟರು. ಒಬ್ಬನ ಚಹಾ ಇನ್ನೊಬ್ಬನ ಲುಂಗಿಯ ಮೇಲಿತ್ತು. ಲಾರಿಯ ಹಿಂದೆ ನಿಂತಿದ್ದವರು ಮಾವ ಒಬ್ಬರೇ, ಮೀಸೆಯ ಒಂದು ಕೂದಲೂ ಅಲುಗಿರಲಿಲ್ಲ. ಆ ಕುರಿ ಯಾರೆಂದು ಇಡೀ ಅಂಗಳದಲ್ಲಿ ಗುರುತು ಹಿಡಿಯದವನು ನಾನೊಬ್ಬನೇ. ನನ್ನ ದನಿ ಗಂಭೀರವಾಗಿದೆ, ಸ್ವಲ್ಪ ರೇಡಿಯೋದವರ ಹಾಗಿದೆ ಎಂದು ಅಲ್ಲಿಯವರೆಗೆ ನಂಬಿಕೊಂಡಿದ್ದೆ.

ಮಾವ ಟವೆಲಿನಲ್ಲಿ ಬಾಯಿ ಒರೆಸಿಕೊಂಡರು. ಗಂಟಲು ಸರಿಮಾಡಿಕೊಂಡರು. "ಬರ್ಲಿ…" ಎಂದರು, ತಮ್ಮದೇ ದನಿಯಲ್ಲಿ. ನಾನು ಕನ್ನಡಿ ನೋಡುವುದನ್ನು ಬಿಟ್ಟೆ. "ಬರ್ಲಿ, ಬರ್ಲಿ… ಎಡುಕ್ ಒಡಿ… ಸಾಕು, ನ್ಯಾರ ಬಾ…" ಕಂಬ ಯಾವಾಗ ದಾಟಿತೋ, ಮರ ಯಾವಾಗ ದಾಟಿತೋ ತಿಳಿಯಲಿಲ್ಲ. "ಓಲ್ಡ್!" ಎಂದಾಗ ಲಾರಿಯ ಹಿಂದಿನ ಹಲಗೆ ಲೋಡಿಂಗ್ ಕಟ್ಟೆಗೆ ಕೆನ್ನೆ ತಾಗಿಸಿ ನಿಂತಿತ್ತು. ಬೆನ್ನಿಗೆ ಎರಡು ಏಟು ಬಿತ್ತು. ಆ ಏಟು ನನ್ನ ಬೆನ್ನಿಗೇ ಬಿದ್ದಷ್ಟು ಹಿತವಾಯಿತು.

ಉಸ್ತಾದ್ ಕಣ್ಣೀರು ಒರೆಸಿಕೊಳ್ಳುತ್ತಾ ಬಂದರು. "ಏನ್ ಮಾವ, ಕರ್ಕೊಂಡ್ ಹೋಗ್ಲಾ, ಬೇಡ್ವಾ?"

ಮಾವ ಉತ್ತರ ಕೊಡುವವರೆಗೆ ಸುಮ್ಮನಿರಬೇಕಿತ್ತು. ಆದರೆ ನನಗೆ ಬೇರೆ ಚಿಂತೆ ಹತ್ತಿತ್ತು. ಲಾರಿಯಿಂದ ಧುಮುಕಿ, "ಮಾವ, ನಿಜ ಹೇಳಿ, ನನ್ನ ದನಿ ಅಷ್ಟು ಕೆಟ್ಟದಾಗಿದ್ಯಾ?" ಎಂದು ಕೇಳಿಯೇಬಿಟ್ಟೆ.

ಮಾವ ನನ್ನನ್ನು ನೋಡಿದರು. ಉಸ್ತಾದರನ್ನು ನೋಡಿದರು. ಟವೆಲ್ ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ಹೊರಟರು.

"ಇಂದೋರ್ ಗಂಟ ಅದ್ನ ಕೇಳ್ಕಂಡ್ ಓಗ್ಬೇಕಾಗಿರೋನು ಉಸ್ತಾದು, ನಾನಲ್ಲ. ಕರ್ಕಂಡ್ ಓಗ್ಲಿ ಬುಡು!"