ಮುಖ್ತಾರ್ ಸಾಬರ ಕಾಲು ಲೀಟರು

ಎಪ್ಪತ್ತರ ದಶಕದಲ್ಲಿ ತುಮಕೂರಿನ ಮಂಡಿಪೇಟೆಯ ಮುಖ್ತಾರ್ ಅಹಮದರನ್ನು ಕೇಳದೆ ನಮ್ಮ ಕಡೆಯವರು ಹಳೆಯ ಸ್ಕೂಟರ್ ಕೊಳ್ಳುತ್ತಿರಲಿಲ್ಲ. ಗುಬ್ಬಿಯಿಂದ, ನಿಟ್ಟೂರಿನಿಂದ ಜನ ಅವರ ರಿಪೇರಿ ಅಂಗಡಿಗೆ ಗಾಡಿ ಹೊಡೆದುಕೊಂಡು ಬಂದು, ಇದು ಮೈಲೇಜ್ ಎಷ್ಟು ಕೊಡುತ್ತದೆ ನೋಡಿ ಹೇಳಿ ಎಂದು ನಿಲ್ಲುತ್ತಿದ್ದರು. ಸಾಬರು ಬಣ್ಣ ನೋಡುತ್ತಿರಲಿಲ್ಲ, ಮಾರುವವನ ಮಾತನ್ನಂತೂ ಕೇಳುತ್ತಲೇ ಇರಲಿಲ್ಲ. ಅವರ ಹತ್ತಿರ ಒಂದು ಗಾಜಿನ ಬಾಟಲಿ ಇತ್ತು. ಆಸ್ಪತ್ರೆಯಲ್ಲಿ ಯಾರಿಗೋ ಗ್ಲೂಕೋಸ್ ಏರಿಸಿ ಬಿಸಾಕಿದ್ದು, ಮೈಮೇಲೆ ಅಳತೆಯ ಗೆರೆಗಳಿದ್ದವು. ಅದನ್ನು ಹ್ಯಾಂಡಲ್ಲಿಗೆ ನೇತುಹಾಕಿ, ಟ್ಯಾಂಕಿನ ಪೈಪು ಕಿತ್ತು ಬಾಟಲಿಯ ಪೈಪು ಸಿಕ್ಕಿಸಿ, ನೂರು ಎಂ.ಎಲ್. ಪೆಟ್ರೋಲ್ ಹಾಕಿ ಗುಬ್ಬಿ ರಸ್ತೆ ಹಿಡಿಯುತ್ತಿದ್ದರು. ಗಾಡಿ ತಾನಾಗಿ ನಿಲ್ಲುವವರೆಗೂ ಓಡಿಸುವುದು, ನಿಂತಲ್ಲಿ ಕಿಲೋಮೀಟರ್ ಕಲ್ಲು ನೋಡಿ ಹತ್ತರಿಂದ ಗುಣಿಸುವುದು, ಆಮೇಲೆ ತಳ್ಳಿಕೊಂಡು ವಾಪಸು ಬರುವುದು. ಜೊತೆಗೆ ತೊಟ್ಟು ಪೆಟ್ರೋಲೂ ಒಯ್ಯುತ್ತಿರಲಿಲ್ಲ. ಒಯ್ದರೆ ನಡುವೆ ಸುರಿದುಕೊಂಡರು ಅಂತ ಜನ ಅನುಮಾನ ಪಡುತ್ತಾರಂತೆ.

ನನ್ನ ಲ್ಯಾಂಬ್ರೆಟಾ ಸ್ಕೂಟರನ್ನೂ ಹೀಗೇ ಪಾಸು ಮಾಡಿ ಕೊಡಿಸಿದ್ದರು. ನಾನು ಗುಬ್ಬಿಯಲ್ಲಿ ಲೆಕ್ಕದ ಮೇಷ್ಟ್ರು. ಅವರ ಲೆಕ್ಕದಲ್ಲಿ ಒಂದು ತಪ್ಪಾದರೂ ಸಿಗಲಿ ಎಂದು ಎರಡು ವರ್ಷ ಕಾದೆ, ಸಿಗಲಿಲ್ಲ. ಸಾಬರು ದುಡ್ಡು ಕಾಸು ಮಾಡಿದವರಲ್ಲ. ಇಪ್ಪತ್ತು ವರ್ಷದಲ್ಲಿ ಅವರು ಗಳಿಸಿದ್ದು ಒಂದೇ ಆಸ್ತಿ, ಮುಖ್ತಾರ್ ಹೇಳಿದ ಮೇಲೆ ಮುಗಿಯಿತು ಎಂಬ ಮಾತು. ಒಮ್ಮೆ ಹೇಳಿದ್ದನ್ನು ಅವರು ಹಿಂದಕ್ಕೆ ತೆಗೆದುಕೊಂಡಿದ್ದನ್ನು ಯಾರೂ ಕಂಡಿರಲಿಲ್ಲ.

ಎಂಬತ್ತೆರಡರಲ್ಲಿ ಅವರ ಹತ್ತಿರ ಕುಣಿಗಲ್ಲಿನಿಂದ ಗಂಗಹನುಮಯ್ಯ ಬಂದ. ಕುಣಿಗಲ್ ಕೆರೆಯಲ್ಲಿ ಮೀನು ಹಿಡಿಯುವವನು. ಬಲೆ ಬಿಡುವುದು ಆಚೆ ದಡದಲ್ಲಿ, ಬಸ್ಸು ನಿಲ್ಲುವುದು ಈಚೆ ಕೆರೆ ಏರಿಯ ಮೇಲೆ. ಹರಿಗೋಲಿನಲ್ಲಿ ಮೀನು ತುಂಬಿಕೊಂಡು, ಎದುರು ಗಾಳಿಯಲ್ಲಿ ಹುಟ್ಟು ಹಾಕಿಕೊಂಡು ಬರುವಷ್ಟರಲ್ಲಿ ತುಮಕೂರಿನ ಏಳೂವರೆ ಬಸ್ಸು ವಾರದಲ್ಲಿ ನಾಲ್ಕು ದಿನ ಹೊರಟುಹೋಗಿರುತ್ತಿತ್ತು. ಅವನ ಹೆಂಡತಿ ಸಿದ್ದಲಕ್ಷ್ಮಮ್ಮ ಬುಟ್ಟಿ ಹೊತ್ತು ಏರಿ ಹತ್ತುತ್ತಲೇ ಬಸ್ಸಿನ ಬೆನ್ನು ನೋಡಿ, ಕುಣಿಗಲ್ಲಿನ ಬೀದಿಯಲ್ಲೇ ಕೇಳಿದಷ್ಟಕ್ಕೆ ಮೀನು ಕೊಟ್ಟು ಬರಬೇಕಾಗಿತ್ತು. ಈಗ ಗುಂಡಯ್ಯ ಎಂಬ ಕಂಟ್ರಾಕ್ಟರು ಕರಾವಳಿಯಿಂದ ತಂದಿದ್ದ ಹಳೆಯ ಪೆಟ್ರೋಲ್ ಮೋಟಾರಿನ ದೋಣಿ ಮಾರಾಟಕ್ಕಿತ್ತು. ಗಂಡ ಹೆಂಡತಿ ಸೇರಿಸಿಟ್ಟಿದ್ದೆಲ್ಲ ಅದಕ್ಕೇ ಹೋಗುತ್ತದೆ. ಸಾಬರು ಹೂಂ ಅಂದರೆ ತಗೊಳ್ಳುವುದು, ಊಹೂಂ ಅಂದರೆ ಬಿಡುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಸಾಬರು ನೀರಿಗೆ ಹೆದರುವವರು, ಈಜು ಬಾರದು. ಆದರೂ ದೋಣಿಯ ಮೈಲೇಜನ್ನು ಇನ್ಯಾರೋ ಹೇಳಿಬಿಟ್ಟರೆ ಎಂಬ ಸಂಕಟಕ್ಕೆ ಒಪ್ಪಿಕೊಂಡರು. ಅಳತೆ ಬರೆದುಕೊಳ್ಳಲು ನನ್ನನ್ನೂ ಎಳೆದುಕೊಂಡು ಹೋದರು.

ಏರಿಯ ಹತ್ತಿರ ಇಪ್ಪತ್ತು ಮೂವತ್ತು ಜನ ಸೇರಿದ್ದರು. ದೋಣಿ ಎಷ್ಟು ಕುಡಿಯುತ್ತದೆ ಎಂದು ಕೇಳಿದ್ದಕ್ಕೆ ಗುಂಡಯ್ಯ ಗಂಟೆಗೆ ಎರಡು ಲೀಟರ್ ಎಂದ. ಜನ ನಕ್ಕರು. ಗಾಡಿಗೆ ಯಾರಾದರೂ ಗಂಟೆ ಲೆಕ್ಕ ಹೇಳುತ್ತಾರೆಯೇ, ಬಾಡಿಗೆ ಸೈಕಲ್ಲೇ ಇದು? ಗುಂಡಯ್ಯ ಪಾಪ, ಕರಾವಳಿಯವರು ಹಾಗೇ ಹೇಳಿದ್ದು ಎಂದ. ಸಾಬರು ಮೋಟಾರು ಬಿಚ್ಚಿ ನೋಡಿದರು. ಸ್ಕೂಟರಿನ ಹಾಗೇ ಎಣ್ಣೆ ಬೆರೆಸಿದ ಪೆಟ್ರೋಲಿನಲ್ಲಿ ಓಡುವ ಇಂಜಿನ್. ಅವರಿಗೆ ಧೈರ್ಯ ಬಂತು. ಏನಿಲ್ಲವೆಂದರೂ ಲೀಟರಿಗೆ ಇಪ್ಪತ್ತು ಕೊಡುತ್ತದೆ, ಆಚೆ ದಡಕ್ಕೆ ಎರಡು ಕಿಲೋಮೀಟರು, ಹೋಗಿ ಬರಲು ನಾಲ್ಕು, ಕಾಲು ಲೀಟರ್ ಧಾರಾಳ ಎಂದು ಬಾಟಲಿಗೆ ಅಷ್ಟೇ ಹಾಕಿದರು. ಲೆಕ್ಕ ನನಗೂ ಸರಿ ಕಂಡಿತು. ಹುಟ್ಟುಗಳನ್ನು ದೋಣಿಯಲ್ಲಿಡಲು ಹೋದ ಗಂಗಹನುಮಯ್ಯನನ್ನು ತಡೆದು, ನಡುವೆ ಹುಟ್ಟು ಹಾಕಿದರು ಅಂತ ಜನ ಅಂದುಕೊಳ್ಳುತ್ತಾರೆ ಎಂದು ಏರಿಯ ಮೇಲೇ ಇಡಿಸಿದರು.

ನಾವು ನಾಲ್ವರು ಹೊರಟೆವು. ಗುಂಡಯ್ಯ ಮೋಟಾರಿನ ಹತ್ತಿರ, ನಾನು ಕಾಗದ ಪೆನ್ಸಿಲ್ ಹಿಡಿದು, ಗಂಗಹನುಮಯ್ಯ ಮುಂದೆ. ಸಾಬರು ಕಣ್ಣು ಮುಚ್ಚಿ ಎರಡೂ ಕೈಯಲ್ಲಿ ಬಾಟಲಿ ಎತ್ತಿ ಹಿಡಿದಿದ್ದರು. ದೋಣಿ ಚೆನ್ನಾಗಿಯೇ ಓಡಿತು. ಕೆರೆಯ ನಡುಮಧ್ಯ ದಾಟಿ ಇನ್ನೊಂದಿಷ್ಟು ಹೋಗಿರಬೇಕು, ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಸಾಬರು ಕಣ್ಣು ಬಿಟ್ಟು ಬಾಟಲಿ ನೋಡಿದರು, ಖಾಲಿ. ಆಮೇಲೆ ಅಭ್ಯಾಸಬಲದಿಂದ ಕಿಲೋಮೀಟರ್ ಕಲ್ಲಿಗಾಗಿ ಸುತ್ತ ನೋಡಿದರು. ನನಗೆ ನಗು ಬಂತು, ತಡೆದುಕೊಂಡೆ. ಗಂಗಹನುಮಯ್ಯ ಬಲೆ ಕಟ್ಟುವ ಗೂಟಗಳನ್ನು ನೋಡಿ, ಒಂದೂಕಾಲು ಕಿಲೋಮೀಟರ್ ಬಂದಿದ್ದೀವಿ ಎಂದು ಅಂದಾಜು ಹೇಳಿದ. ನಾನು ನಾಲ್ಕರಿಂದ ಗುಣಿಸಿದೆ. ಐದು.

"ಐದಾ?" ಎಂದರು ಸಾಬರು. "ಲಾರಿ ಇದ್ಕಿಂತ ವಾಸಿ. ಬ್ಯಾಡ ಕಣಯ್ಯ ಗಂಗಹನುಮಯ್ಯ, ಇದನ್ನ ತಗೋಬ್ಯಾಡ."

ಮಾತು ಆಡಿ ಆಯಿತು. ಗಂಗಹನುಮಯ್ಯನ ಮುಖ ಸಪ್ಪಗಾಯಿತು. ಸ್ಕೂಟರ್ ಆಗಿದ್ದರೆ ಇಷ್ಟು ಹೊತ್ತಿಗೆ ಇಳಿದು ತಳ್ಳುತ್ತಿದ್ದೆವು. ಇಲ್ಲಿ ಇಳಿಯುವಂತಿಲ್ಲ, ತಳ್ಳುವಂತಿಲ್ಲ, ಹುಟ್ಟು ಏರಿಯ ಮೇಲಿದೆ, ಪೆಟ್ರೋಲ್ ಡಬ್ಬ ಅದರ ಪಕ್ಕದಲ್ಲಿದೆ. ಗಾಳಿ ನಮ್ಮನ್ನು ನಿಧಾನವಾಗಿ ತಿರುಗಿಸುತ್ತಿತ್ತು. ನಾನು ಅಂಗಿ ಬಿಚ್ಚಿ ಬೀಸಿದೆ. ಏರಿಯ ಮೇಲಿನ ಜನ ನಾವು ಸಂತೋಷಕ್ಕೆ ಬೀಸುತ್ತಿದ್ದೇವೆ ಎಂದುಕೊಂಡು ಅವರೂ ಟವೆಲ್ ಬೀಸಿದರು. ಈ ಜನರ ಬುದ್ಧಿಗೆ ನಾನು ಏನು ಹೇಳಲಿ?

ಮುಕ್ಕಾಲು ಗಂಟೆಯ ಮೇಲೆ ಸಿದ್ದಲಕ್ಷ್ಮಮ್ಮ ಒಬ್ಬಳೇ ಹರಿಗೋಲಿನಲ್ಲಿ ಬಂದಳು. ಒಳಗೆ ಹುಟ್ಟುಗಳೂ ಪೆಟ್ರೋಲ್ ಡಬ್ಬವೂ ಇದ್ದವು. ಗಂಡನ ಮುಖ ನೋಡಿಯೇ ಅವಳಿಗೆ ಸಂಗತಿ ತಿಳಿಯಿತು. ಐದು ಮೈಲೇಜಂತೆ, ಸಾಬರು ಬೇಡ ಅಂದರು ಎಂದು ಅವನು ಗೊಣಗಿದ. ಅವಳು ದೋಣಿಯ ಅಂಚು ಹಿಡಿದುಕೊಂಡು ಸಾಬರನ್ನೇ ನೋಡಿದಳು.

"ಸಾಬ್ರೇ, ಈ ನೀರ್ ಮ್ಯಾಲೆ ನಾನೇನ್ ತುಮಕೂರ್ಗೆ ಹೋಗ್ಬೇಕಾ? ಬುಟ್ಟಿ ತುಂಬ್ಕಂಡು ಆ ದಡದಿಂದ ಬಸ್ಸಿಗೆ ಬರೋಕೆ ಎಷ್ಟ್ ಬೇಕು, ಎಷ್ಟೊತ್ತಾಯ್ತದೆ, ಅಷ್ಟ್ ಹೇಳಿ ಸಾಕು."

ಇಪ್ಪತ್ತು ವರ್ಷದಲ್ಲಿ ಸಾಬರನ್ನು ಯಾರೂ ಹಾಗೆ ಕೇಳಿರಲಿಲ್ಲ. ಲೆಕ್ಕದ ಮೇಷ್ಟ್ರಾದ ನನಗೂ ಹೊಳೆದಿರಲಿಲ್ಲ, ನಾಚಿಕೆಯಾಯಿತು.

ಸಾಬರು ನನ್ನ ಕೈಗಡಿಯಾರ ಬಿಚ್ಚಿಸಿಕೊಂಡರು. ಮೋಟಾರಿನ ಸ್ವಂತ ಟ್ಯಾಂಕಿಗೆ ಪೈಪು ಸಿಕ್ಕಿಸಿ, ಡಬ್ಬದಿಂದ ಪೆಟ್ರೋಲ್ ಸುರಿದರು. ಆಚೆ ದಡಕ್ಕೆ ಹೋಗಿ, ಅಲ್ಲಿ ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ, ಮೀನಿನ ತೂಕಕ್ಕೆ ಸರಿಯಾಗಿ ಕಲ್ಲುಗಳನ್ನು ಬುಟ್ಟಿಗಳಲ್ಲಿ ಹೇರಿಸಿ, ಎದುರು ಗಾಳಿಯಲ್ಲೇ ಏರಿಗೆ ಹೊರಡಿಸಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಹದಿನೈದು ನಿಮಿಷಕ್ಕೆ ದಡ ಮುಟ್ಟಿದೆವು. ಟ್ಯಾಂಕು ಮತ್ತೆ ಬಾಯಿಮಟ್ಟ ಬರುವವರೆಗೆ ಬಾಟಲಿಯಿಂದ ಅಳೆದು ಹಾಕಿದರು. ಹಿಡಿದದ್ದು ಅರ್ಧ ಲೀಟರು ಚಿಲ್ಲರೆ. ಗುಂಡಯ್ಯನ ಗಂಟೆ ಲೆಕ್ಕ ಹೆಚ್ಚುಕಮ್ಮಿ ಸರಿಯಾಗಿಯೇ ಇತ್ತು. ಹರಿಗೋಲಿಗೆ ಒಂದೂವರೆ ಗಂಟೆಯ ದಾರಿ ಅದು.

ಪೆಟ್ರೋಲ್ ಅಳೆಯುತ್ತಿದ್ದಾಗಲೇ ಗಂಗಹನುಮಯ್ಯ ನಡುನೀರಿನ ಸಂಗತಿ ಬಾಯಿಬಿಟ್ಟಿದ್ದ. ಏರಿಯ ಮೇಲಿನ ಜನ, ಸಾಬರು ಬೇಡ ಅಂದರಂತೆ ಎಂದು ಆಗಲೇ ಮಾತಾಡಿಕೊಳ್ಳುತ್ತಿದ್ದರು. ಸಾಬರು ಸುಮ್ಮನಿದ್ದು ಬಸ್ಸು ಹತ್ತಿದ್ದರೆ ಆ ಮಾತೇ ಉಳಿಯುತ್ತಿತ್ತು, ಅವರ ಹೆಸರಿಗೂ ಏನೂ ಆಗುತ್ತಿರಲಿಲ್ಲ. ಒದ್ದೆ ಪೈಜಾಮ ಹಿಂಡಿಕೊಳ್ಳುತ್ತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ನಾನ್ ಬ್ಯಾಡ ಅಂದಿದ್ದು ತಪ್ಪು. ತಗೊಳ್ಳಮ್ಮ. ದಿನಾ ಹೋಗಿ ಬರೋಕೆ ಒಂದೂಕಾಲು ಲೀಟರ್ ಸಾಕು, ಆದ್ರೂ ಎರಡು ಇಟ್ಕೊಳಿ. ಹುಟ್ಟು ಬಿಟ್ಟು ಮಾತ್ರ ಹೋಗ್ಬ್ಯಾಡಿ."

ಯಾರೂ ನಗಲಿಲ್ಲ. ನನಗೆ ಅವರ ಮೇಲೆ ಅಷ್ಟು ಗೌರವ ಹಿಂದೆಂದೂ ಬಂದಿರಲಿಲ್ಲ, ಅದನ್ನು ಅವರಿಗೆ ಹೇಳಿಯೂಬಿಟ್ಟೆ. ಸುಮ್ಮನೆ ನಡೀರಿ ಮೇಷ್ಟ್ರೇ ಎಂದರು.

ಮುಂದಿನ ವಾರ ದೋಣಿ ಗಂಡ ಹೆಂಡತಿಯ ಕೈಗೆ ಬಂತು. ಮೊದಲ ದಿನ ನೋಡಲೇಬೇಕೆಂದು ಸಾಬರು ಹಿಂದಿನ ಸಂಜೆಯೇ ಕುಣಿಗಲ್ಲಿಗೆ ಹೋಗಿದ್ದರು, ನಾನೂ ಹೋಗಿದ್ದೆ. ಬೆಳಿಗ್ಗೆ ಏರಿಯ ಮೇಲೆ ನಿಂತು ಮೋಟಾರಿನ ಸದ್ದು ಹತ್ತಿರವಾಗುವುದನ್ನು ಕೇಳಿದೆವು. ಸಿದ್ದಲಕ್ಷ್ಮಮ್ಮ ಬುಟ್ಟಿ ಹೊತ್ತು ಎಂದಿನ ಹಾಗೆ ಏದುಸಿರು ಬಿಡುತ್ತ ಓಡಿ ಬಂದಳು. ರಸ್ತೆ ನೋಡಿದಳು, ನಮ್ಮ ಮುಖ ನೋಡಿದಳು. ಬಸ್ಸು ಹೋಯಿತೇ ಎಂದು ಕೇಳಿದಳು.

"ಇನ್ನೂ ಬಂದಿಲ್ಲಮ್ಮ. ಕೂತ್ಕೊಳಿ," ಎಂದರು ಸಾಬರು.