ಮೋಹನನ ಕಿರುಬೆರಳು

ಬಾಡ ಎಂಬ ಊರಲ್ಲಿ ಮೀನು ಮಾರುವ ತಿಮ್ಮಕ್ಕನ ಮಗ ಮೋಹನ ಗೋಲ್‌ಕೀಪರ್ ಆದದ್ದೇ ಹರಿದ ಬಲೆಯ ಪುಣ್ಯದಿಂದ. ಕಡಲದಂಡೆಯ ಮರಳಲ್ಲಿ ಹುಡುಗರು ಎರಡು ಗಾಳಿಮರದ ಕಂಬ ಹೂತು, ಹಳೆಯ ರಂಪಣಿ ಬಲೆ ಕಟ್ಟಿ ಗೋಲು ಮಾಡಿದ್ದರು. ಬಲೆ ಕಂಡಲ್ಲಿ ನಿಲ್ಲುವುದು ಅವನ ರಕ್ತದಲ್ಲೇ ಇತ್ತು.

ಗೋವಾದ ಕ್ಲಬ್ಬೊಂದು ಸಂಬಳ ಕೊಟ್ಟು ಕರೆದೊಯ್ದ ಮೇಲೂ ಅವನದೊಂದು ಚಾಳಿ ಹೋಗಲಿಲ್ಲ. ಬಂದ ಚೆಂಡನ್ನು ಗುದ್ದಿ ಹೊರಗೆ ಹಾಕದೆ ಎದೆಗೆ ಅಪ್ಪಿಕೊಳ್ಳುತ್ತಿದ್ದ. ಕೋಚ್ ಬೊಬ್ಬೆ ಹಾಕಿದರೆ, "ಕೈಗೆ ಸಿಕ್ಕ ಮೀನ್ನ ಯಾರಾದ್ರೂ ವಾಪಸ್ ಸಮುದ್ರಕ್ಕೆ ಬಿಡ್ತಾರಾ?" ಎಂದು ಕೇಳುತ್ತಿದ್ದನಂತೆ. ಕ್ಲಬ್ಬು ಮುಚ್ಚಿತು. ಸೈನ್ಯದ ಫುಟ್‌ಬಾಲ್ ತಂಡ ಕೆಲಸ ಕೊಟ್ಟು ಸೇರಿಸಿಕೊಂಡಿತು. ಅಲ್ಲಿಯೂ ಅದೇ ಹಟ. ಒಂದು ಆಟದಲ್ಲಿ ಚೆಂಡಿಗೂ ಕಂಬಕ್ಕೂ ನಡುವೆ ಎಡಗೈಯ ಕಿರುಬೆರಳು ಜಜ್ಜಿಹೋಗಿ ಡಾಕ್ಟರು ಅರ್ಧ ಕತ್ತರಿಸಿದರು. ಚೆಂಡು ಮಾತ್ರ ಬಿಟ್ಟಿರಲಿಲ್ಲ.

ಕಾರ್ಗಿಲ್ ಯುದ್ಧ ಬಂದಾಗ ಆ ಬೆರಳಿನ ನೆಪದಲ್ಲಿ ಅವನು ಉಳಿಯಬಹುದಿತ್ತು. ಪಕ್ಕದ ಮನೆಗೆ ಫೋನ್ ಮಾಡಿ, "ಅವ್ವಾ, ಗೋಲ್‌ಕೀಪರ್ ಹಿಂದೆ ನಿಲ್ಲೂದು ಮೈದಾನದಲ್ಲಿ ಮಾತ್ರ" ಎಂದ. ತಂಡದವರ ಜೊತೆ ಬೆಟ್ಟ ಹತ್ತಿದವನು ಪೆಟ್ಟಿಗೆಯಲ್ಲಿ ಬಂದ.

ಅವನ ಹೆಸರನ್ನು ಊರು ಮರೆಯಲಿಲ್ಲ, ಮನುಷ್ಯನನ್ನು ಮರೆಯಿತು. ಈ ವರ್ಷ ಯುವಕ ಸಂಘದವರು ಅವನು ಹುಡುಗನಾಗಿ ಆಡಿದ ಕಡಲದಂಡೆಯ ಮರಳಲ್ಲೇ ಅವನ ಪ್ರತಿಮೆ ನಿಲ್ಲಿಸಿದರು. ತಿಮ್ಮಕ್ಕ ಕೊಟ್ಟದ್ದು ಚೆಂಡು ಅಪ್ಪಿಕೊಂಡ ಫೋಟೋ. ಆದರೆ ಅವಳ ಕೈಯಿಂದಲೇ ಬಟ್ಟೆ ಸರಿಸಿದಾಗ ನಿಂತಿದ್ದವನು ಎರಡೂ ಕೈಯಲ್ಲಿ ಸಿಮೆಂಟಿನ ಬಂದೂಕು ಹಿಡಿದ ಸಿಪಾಯಿ. ಚಪ್ಪಾಳೆಯೋ ಚಪ್ಪಾಳೆ.

"ಎಂತದಾ ಇದು?" ಎಂದಳು ತಿಮ್ಮಕ್ಕ.

ಸಂಘದ ಅಧ್ಯಕ್ಷ ವಿನೋದ ನಕ್ಕ. "ಚೆಂಡು ಹಿಡ್ದವಂಗೆ ಯಾರು ಕೈ ಮುಗೀತಾರೆ ತಿಮ್ಮಕ್ಕಾ? ಬಂದೂಕು ಇದ್ರೇ ಗೌರವ."

"ಕೈ ಮುಗೀರಿ ಅಂತ ನಾ ಹೇಳ್ಲಿಲ್ಲ, ಗುರ್ತು ಇಟ್ಕಳಿ ಅಂದೆ. ಅಂವ ಸತ್ತದ್ದು ದೇಶಕ್ಕೆ, ಅದ್ರಲ್ಲಿ ನಂಗೆ ತಕರಾರಿಲ್ಲ. ಬದುಕಿದ್ದು ಚೆಂಡಿಗೆ. ಅದನ್ನ ಕಸ್ಕಂಬೂಕೆ ನೀನ್ಯಾರಾ?"

"ಆತು, ಮುಂದಿನ ವರ್ಷ ನೋಡುವಾ. ಈಗ ಕೂತ್ಕಳಿ, ಶಾಲು ಹೊದಿಸ್ತೇವೆ."

"ಶಾಲು ನೀನೇ ಹೊದ್ಕ. ಚಳಿ ಆದಂಗೆ ಕಾಣ್ತದೆ."

ವೇದಿಕೆ ಇಳಿದು ಹೋದವಳು ದಡದ ದೋಣಿಯಿಂದ ಹಗ್ಗ ತಂದಳು. ಬಲೆಯವರ ಗಂಟು ಹಾಕಿ ಬಂದೂಕಿಗೆ ಕಟ್ಟಿ ಎಳೆದಳು. ಮುದುಕಿಯ ಬಲಕ್ಕೆ ಅದು ಜಗ್ಗುತ್ತದೆಯೇ? ಯಾರೋ ಕಿಸಕ್ಕೆಂದರು. ಆಗ ತಿಮ್ಮಕ್ಕ ಸೆರಗು ಬಿಗಿದು, ಗಂಟಲು ಹರಿಯುವ ಹಾಗೆ ಕೂಗಿದಳು: "ಕೈ ಬೇಕು, ಕೈ!"

ರಂಪಣಿ ಎಂದರೆ ಊರಿಗೆ ಊರೇ ದಡದಲ್ಲಿ ನಿಂತು ಎಳೆಯುವ ಬಲೆ. ಅದು ಭಾರವಾದಾಗ ಏಳುತ್ತಿದ್ದ ಕೂಗು ಇದು. ಕಿವಿಗೆ ಬಿತ್ತೆಂದರೆ ಉಣ್ಣುತ್ತಿದ್ದವನೂ ಎಂಜಲು ಕೈಯಲ್ಲೇ ಓಡಿ ಬಂದು ಹಗ್ಗ ಹಿಡಿಯಬೇಕು. ಕೇಳಿಯೂ ಕೂತವನಿಗೆ ಮೀನಿನಲ್ಲಿ ಪಾಲಿಲ್ಲ. ಟ್ರಾಲರುಗಳು ಬಂದ ಮೇಲೆ ರಂಪಣಿ ಮೂಲೆ ಸೇರಿ, ಆ ಕೂಗು ಎಷ್ಟೋ ವರ್ಷದಿಂದ ಯಾರ ಕಿವಿಗೂ ಬಿದ್ದಿರಲಿಲ್ಲ.

ಮೊದಲು ಎದ್ದವನು ಗಾರೆ ಕೆಲಸದ ಸಂತೋಷ. ಹುಡುಗನಾಗಿದ್ದಾಗ ಇದೇ ಮರಳಲ್ಲಿ ಮೋಹನನಿಗೆ ಒಂದೂ ಗೋಲು ಹೊಡೆಯಲಾಗದೆ ಅತ್ತವನು. ಅವನ ಹಿಂದೆ ಮುದುಕರು, ಸೀರೆ ಎತ್ತಿ ಕಟ್ಟಿದ ಹೆಂಗಸರು. ಕುರ್ಚಿಗಳು ಖಾಲಿಯಾದವು. ವಿನೋದ ಮೈಕಿನಲ್ಲಿ "ಅವಮಾನ, ಅವಮಾನ" ಎನ್ನುತ್ತಿದ್ದ. ಅವನ ಹೆಂಡತಿಯೂ ಹಗ್ಗ ಹಿಡಿದಿದ್ದಳು.

ಲಟಕ್ಕೆಂದು ಬಂದೂಕು ಕಿತ್ತು ಬಂತು. ಎಳೆದವರೆಲ್ಲ ಮರಳಿನ ಮೇಲೆ ಅಂಗಾತ ಬಿದ್ದರು. ಪ್ರತಿಮೆಯ ಕೈಗಳು ಎದೆಯ ಮುಂದೆ ಖಾಲಿಯಾಗಿ ಬಾಗಿ ನಿಂತಿದ್ದವು. ಸಂತೋಷ ಎದ್ದು, ಅಲ್ಲಿ ಆಡುವ ಹುಡುಗರ ಚೆಂಡೊಂದನ್ನು ತಂದು ಅವುಗಳ ನಡುವೆ ತುರುಕಿದ. ಗಟ್ಟಿಯಾಗಿ ಕೂತಿತು.

"ಅಯ್ಯೋ, ಬೆರಳು ಹೋತು!" ಎಂದು ವಿನೋದ ತಲೆ ಚಚ್ಚಿಕೊಂಡ. ನಿಜ. ಬಂದೂಕಿನ ಜೊತೆ ಎಡಗೈಯ ಕಿರುಬೆರಳೂ ಅರ್ಧ ಮುರಿದು ಬಂದಿತ್ತು.

ತಿಮ್ಮಕ್ಕ ಕಟ್ಟೆ ಹತ್ತಿ ಆ ಮೋಟು ಬೆರಳನ್ನು ಸವರಿದಳು. ಪೆಟ್ಟಿಗೆ ಬಂದ ದಿನ ಅಳದವಳು ಈಗ ನಗುತ್ತಲೇ ಅತ್ತಳು.

"ಈಗ ಬಂದ ನೋಡಾ ನನ್ನ ಮಗ," ಎಂದಳು. "ತಕಂಡ್ ಬಾ ನಿನ್ನ ಶಾಲು. ಅಂವಗೆ ಹೊದಿಸು."